ಹುಣಸೆಹಣ್ಣು ಕೊಟ್ಟವನು ನಾನು

ಪ್ರೀತಿಯ ಪುಟ್ಟಿ,

ಭಾನುವಾರ ರಾತ್ರಿ ನಿನ್ನ ವಿಮಾನ. ಎದುರಿಗೆ ಕೂತು ಹೇಳೋಣವೆಂದು ಎರಡು ಸಲ ಬಾಯಿ ತೆರೆದೆ, ಆಗಲಿಲ್ಲ. ಅದಕ್ಕೇ ಅಂಗಡಿಯಲ್ಲಿ ಕೂತು ಬರೆಯುತ್ತಿದ್ದೇನೆ.

ಹಳೆಯ ಲೋಹದ ಸಾಮಾನು ಉಳಿಸುವ ವಿದ್ಯೆ ಕಲಿಯಲು ಪ್ಯಾರಿಸ್‌ಗೆ ಹೋಗುತ್ತೇನೆ ಎಂದು ನೀನು ಹೇಳಿದಾಗಿನಿಂದ ನನಗೆ ಒಂದೇ ಧ್ಯಾನ: ಚಿಕ್ಕಮಗಳೂರಿನ ಕಾಫಿ ತೋಟದ ಬಂಗಲೆಯಿಂದ ಬಂದಿದ್ದ ಆ ಫ್ರೆಂಚ್ ಗಡಿಯಾರ. ಬಿಳಿ ಅಮೃತಶಿಲೆಯ ಪೀಠ, ಮೇಲೆ ಚಿನ್ನ ಲೇಪಿಸಿದ ಕಂಚಿನ ಹೆಣ್ಣುಬೊಂಬೆ. ಪೆಂಡುಲಂ ರೇಷ್ಮೆ ಎಳೆಗೆ ತೂಗುತ್ತಿತ್ತು. ಅದನ್ನು ಕಂಡಾಗಲೇ 19ನೇ ಶತಮಾನದ ಮೊದಲರ್ಧದ್ದು ಎಂದುಕೊಂಡೆ. ಎಳೆ ಲಡ್ಡಾಗಿತ್ತು. ನಿಮ್ಮಮ್ಮನ ಧಾರೆ ಸೀರೆಯ ಕುಚ್ಚಿನಿಂದ ಒಂದೆಳೆ ತೆಗೆದು ಕಟ್ಟಿದೆ, ನಡೆಯಿತು.

ಆಮೇಲಿನದು ನಿನಗೂ ಗೊತ್ತು. ನನ್ನನ್ನು ಕಾಡುವುದು ಆ ಹುಣಸೆಹಣ್ಣು. "ಕಪ್ಪಾಗಿದೆ, ದೇವರ ಸಾಮಾನಿನ ಹಾಗೆ ತಿಕ್ಕು, ಥಳಥಳ ಅನ್ನಬೇಕು" ಎಂದು ಹುಣಸೆಹಣ್ಣು, ಬೂದಿ ಎರಡನ್ನೂ ನಿನ್ನ ಕೈಗಿಟ್ಟವನು ನಾನು. ನಿನಗಾಗ ಹತ್ತು ವರ್ಷ. ಬೂದಿಗೆ ಚಿನ್ನ ಸವೆದು ಬೊಂಬೆಯ ಮೊಣಕೈ, ಮೂಗು, ಸೀರೆಯಂಥ ನೆರಿಗೆಗಳಲ್ಲೆಲ್ಲ ಕಂಚು ಕಾಣಿಸಿತು. ಹುಳಿನೀರು ಕೆಳಗಿಳಿದು ಅಮೃತಶಿಲೆಯ ಹೊಳಪು ತಿಂದಿತು. ಆ ಜಾಡುಗಳನ್ನು ನಾನು ಇವತ್ತಿಗೂ ಎಣಿಸಬಲ್ಲೆ. ಯಜಮಾನರು ಬಂದಾಗ "ಮಗು ಗೊತ್ತಿಲ್ಲದೆ ಮಾಡಿಬಿಟ್ಟಿತು" ಎಂದೆ. ನೀನು ಬಾಗಿಲ ಹಿಂದೆ ನಿಂತಿದ್ದೆ. ಆ ರಜೆಯಿಡೀ ಅಂಗಡಿಗೆ ಬರಲಿಲ್ಲ. ನಾನೂ ಕರೆಯಲಿಲ್ಲ.

ಕಾಲೇಜಿಗೆ ಸೇರಿದ ವರ್ಷ ನೀನೇ ಬಿಡಿಸಿ ಹೇಳಿದೆ: ಅಮೃತಶಿಲೆಯೂ ಸುಣ್ಣದ ಕಲ್ಲೇ ಅಪ್ಪ, ಹುಳಿಗೆ ಕರಗುತ್ತದೆ. ಹಳೆಯದನ್ನು ಎತ್ತಿ ಆಡಲಿಲ್ಲ. ನನಗೆ ಹೆಮ್ಮೆಯೂ ಆಯಿತು, ತಲೆಯೂ ತಗ್ಗಿತು.

ಈಗ ಹೆದರಿಕೆ ಪಾದರಸದ್ದು. ಆ ಕಾಲದವರು ಚಿನ್ನವನ್ನು ಪಾದರಸದಲ್ಲಿ ಕಲಸಿ ಕಂಚಿಗೆ ಬಳಿದು ಕಾಯಿಸುತ್ತಿದ್ದರು. ಪಾದರಸ ಹೊಗೆಯಾಗಿ ಹೋಗಿ ಚಿನ್ನ ಉಳಿಯುತ್ತಿತ್ತು. ಆ ಹೊಗೆ ಕುಡಿದವರ ಕೈಗಳು ನಡುಗುತ್ತಿದ್ದವು. 1840ರ ಹೊತ್ತಿಗೆ ಕರೆಂಟಿನಲ್ಲಿ ಲೇಪಿಸುವ ಕ್ರಮ ಬಂತು, ಈಗ ಭಯವಿಲ್ಲ ಎಂದು ನೀನು ಎರಡು ಸಲ ಹೇಳಿದ್ದೀಯ. ಆದರೂ ಮಾಸ್ಕ್ ಹಾಕು, ಗ್ಲೌಸ್ ಹಾಕು. ಗಡಿಯಾರ ಎತ್ತುವಾಗ ಬೊಂಬೆ ಹಿಡಿಯಬೇಡ, ಪೀಠಕ್ಕೆ ಎರಡೂ ಕೈ ಕೊಡು. ಸಾಗಿಸುವ ಮೊದಲು ಪೆಂಡುಲಂ ಬಿಚ್ಚು. ಮುಳ್ಳನ್ನು ಹಿಂದಕ್ಕೆ ತಿರುಗಿಸಬೇಡ. ಮುಂದಕ್ಕೆ ತಿರುಗಿಸುವಾಗ ಪ್ರತಿ ಅರ್ಧಗಂಟೆಗೂ ನಿಲ್ಲಿಸಿ ಪೂರ್ತಿ ಹೊಡೆಯಲು ಬಿಡು, ಇಲ್ಲವಾದರೆ ಲೆಕ್ಕ ತಪ್ಪಿ ಮೂರಕ್ಕೆ ಐದು ಹೊಡೆಯುತ್ತದೆ. ಇದೆಲ್ಲ ನಿನಗೆ ಏಳನೇ ಕ್ಲಾಸಿನಲ್ಲೇ ಬರುತ್ತಿತ್ತು.

ನಿನ್ನೆ ಆ ಬಂಗಲೆಗೆ ಫೋನ್ ಮಾಡಿದ್ದೆ. ಹಿರಿಯರು ಈಗಿಲ್ಲ, ಮಗ ಮಾತಾಡಿದರು. ಗಡಿಯಾರ ಹಾಲ್‌ನಲ್ಲೇ ಇದೆಯಂತೆ. ಹುಣಸೆಹಣ್ಣು ಕೊಟ್ಟವನು ನಾನು, ಮಗುವಿನ ತಪ್ಪಲ್ಲ ಎಂದೆ. ಅವರಿಗೆ ಆ ಸಂಗತಿಯೇ ಗೊತ್ತಿರಲಿಲ್ಲ.

ನಿನಗೆ ಗೊತ್ತಿತ್ತಲ್ಲ. ಕ್ಷಮಿಸು ಪುಟ್ಟಿ.

ಇಂತಿ,
ನಿನ್ನ ಅಪ್ಪ