ಚೀಲ ತೆಗೆಸುವ ಮೊದಲು

ಚಿ. ಸೌ. ಮಗಳಿಗೆ, ಧಾರವಾಡದಿಂದ ನಿನ್ನ ದೊಡ್ಡವ್ವ ಮಾಡುವ ಆಶೀರ್ವಾದಗಳು. ಇಲ್ಲಿ ನಾವೆಲ್ಲ ಕ್ಷೇಮ.

ನೀನು ಮೊಬೈಲ್‌ಗೆ ಕಳುಹಿಸಿದ ವರದಿಗಳನ್ನು ಕನ್ನಡಕ ಹಾಕಿಕೊಂಡು, ಅಕ್ಷರ ದೊಡ್ಡದು ಮಾಡಿ ಓದಿದೆ. ಗರ್ಭಕೋಶದ ಗೋಡೆಯಲ್ಲಿ 4 ಸೆಂಟಿಮೀಟರಿನ ಒಂದು ಫೈಬ್ರಾಯ್ಡ್ ಗಡ್ಡೆ. ಅಂಡಾಶಯ ಎರಡೂ ಸರಿಯಾಗಿವೆ. ಹಿಮೋಗ್ಲೋಬಿನ್ 8.2, ತೀರ ಕಡಿಮೆ. ಇಷ್ಟರ ಮೇಲೆ, ಗರ್ಭಕೋಶದ ಚೀಲವನ್ನು ತೆಗೆಸದೆ ಇಟ್ಟುಕೊಂಡರೆ ಮುಂದೆ ಕ್ಯಾನ್ಸರ್ ಆದೀತು ಎಂದು ಡಾಕ್ಟರು ಹೆದರಿಸಿದ್ದಾರೆ. ಮೆಣಸಿನಕಾಯಿ ಬಿಡಿಸುವ ಸುಗ್ಗಿ ಶುರುವಾಗುವ ಮೊದಲೇ ಮುಗಿಸಿಬಿಡೋಣ ಎಂದು ನಿಮ್ಮ ಮನೆಯಲ್ಲಿ ದಿನ ಗೊತ್ತುಮಾಡಲು ಕುಳಿತಿದ್ದಾರೆ. ನಿನಗೇನು ಅನ್ನಿಸುತ್ತದೆ ಎಂದು ಯಾರೂ ಕೇಳಿದಂತಿಲ್ಲ.

ಇದು ನಾಳೆಯೇ ಆಗಬೇಕಾದ ಆಪರೇಷನ್ ಅಲ್ಲ. ಒಂದೊಂದು ತಾಸಿಗೆ ಒಂದೊಂದು ಪ್ಯಾಡ್ ತೊಯ್ದು ಹೋಗುವಷ್ಟು ರಕ್ತ ಹೋದರೆ, ತಲೆ ಸುತ್ತಿ ಬಿದ್ದರೆ, ಆಗ ಈ ಪತ್ರವನ್ನು ಪಕ್ಕಕ್ಕಿಟ್ಟು ಹತ್ತಿರದ ಆಸ್ಪತ್ರೆಗೆ ಓಡು. ಅಂಥದ್ದೇನೂ ಇಲ್ಲದಿರುವಾಗ ವಿಚಾರ ಮಾಡಲು ನಿನಗೆ ವೇಳೆ ಇದೆ. ಆ ವೇಳೆಯನ್ನು ಯಾರಿಗೂ ಬಿಟ್ಟುಕೊಡಬೇಡ.

ಕ್ಯಾನ್ಸರ್ ಎಂಬ ಹೆದರಿಕೆಯನ್ನು ಮೊದಲು ತೆಗೆದುಹಾಕು. ಫೈಬ್ರಾಯ್ಡ್ ಕ್ಯಾನ್ಸರ್ ಗಡ್ಡೆಯಲ್ಲ, ಅದು ಕ್ಯಾನ್ಸರ್ ಆಗುವುದು ತೀರ ಅಪರೂಪ. ಮುಟ್ಟು ನಿಂತ ಮೇಲೆ ಇಂಥ ಗಡ್ಡೆಗಳು ಸಾಮಾನ್ಯವಾಗಿ ತಾವೇ ಕುಗ್ಗುತ್ತವೆ. ಗರ್ಭಕೋಶದ ಕೊರಳಿನ ಕ್ಯಾನ್ಸರ್ ಬೇರೆ, ಅದಕ್ಕೆ ಪ್ಯಾಪ್ ಪರೀಕ್ಷೆ ಇದೆ, ಅದನ್ನು ಮಾಡಿಸು. ಎರಡು ಮುಟ್ಟಿನ ನಡುವೆಯೂ ರಕ್ತ ಕಾಣಿಸುತ್ತಿದ್ದರೆ ಮುಚ್ಚಿಡದೆ ಹೇಳು. ಆಗ ಒಳಪದರದ ಚೂರು ತೆಗೆದು ಬಯಾಪ್ಸಿ ಮಾಡಿಸುವುದು ಸರಿ. ಹಾಗೆ ನೋಡಿದ ಮೇಲೆ ಬಂದ ಮಾತು ಬೇರೆ, ನೋಡದೆ ‘ಆದೀತು’ ಎನ್ನುವ ಮಾತು ಬೇರೆ.

ಗದಗ ತಾಲೂಕಿನ ಹಳ್ಳಿಗಳಲ್ಲಿ ನರ್ಸ್‌ಬಾಯಿಯಾಗಿ ತಿರುಗಿದ ನನಗೆ ಚೀಲ ತೆಗೆಸಿಕೊಂಡವರ ಮನೆಗಳೆಲ್ಲ ಗೊತ್ತಿದ್ದವು. ಬಿಳಿಸೆರಗಿಗೆ ತೆಗೆಸಿಕೊಂಡವರಿದ್ದರು, ಬೆನ್ನುನೋವಿಗೆ ತೆಗೆಸಿಕೊಂಡವರೂ ಇದ್ದರು. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡಂತೆ! ಬೆನ್ನುನೋವು ಎಲ್ಲಿಗೂ ಹೋಗಲಿಲ್ಲ. ಅಂಡಾಶಯವನ್ನೂ ಸೇರಿಸಿ ತೆಗೆಸಿಕೊಂಡವರು ನಲವತ್ತಕ್ಕೆ ಮೊದಲೇ ಮೈಯೆಲ್ಲ ಕಾವು ಏರಿ, ಚಳಿಗಾಲದ ರಾತ್ರಿಯಲ್ಲೂ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ ಕೂರುತ್ತಿದ್ದರು. ಎಲುಬು ಸವೆಯುವುದೂ ಬೇಗ. ಅಂಡಾಶಯ ಉಳಿಸಿದರೂ ಮುಟ್ಟು ನಿಲ್ಲುವ ಕಾಲದ ತೊಂದರೆಗಳು ಕೆಲವರಿಗೆ ಮುಂಚೆಯೇ ಬರುವುದುಂಟು. ‘ಮಕ್ಕಳಾದವಲ್ಲ, ಇನ್ನು ಅದೇಕೆ’ ಎನ್ನುವ ನಿಮ್ಮ ಅತ್ತೆಯವರಿಗೆ ಇದನ್ನು ಓದಿ ಹೇಳು. ನೀನು ಓದಲಾರೆಯಾದರೆ ನಾನೇ ಫೋನ್ ಮಾಡುತ್ತೇನೆ.

ಡಾಕ್ಟರೆಲ್ಲ ದುಡ್ಡಿಗಾಗಿಯೇ ಕತ್ತಿ ಹಿಡಿಯುತ್ತಾರೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಆದರೆ ಅನಗತ್ಯವಾಗಿ ಗರ್ಭಕೋಶ ತೆಗೆಯುವುದನ್ನು ತಡೆಯಲು ಕೇಂದ್ರ ಸರಕಾರವೇ 2022ರಲ್ಲಿ ಮಾರ್ಗಸೂಚಿ ಹೊರಡಿಸಬೇಕಾಯಿತು. ಅದನ್ನು ಜಾರಿಗೆ ತನ್ನಿ ಎಂದು 2023ರಲ್ಲಿ ಸುಪ್ರೀಂ ಕೋರ್ಟ್ ರಾಜ್ಯಗಳಿಗೆ ಹೇಳಬೇಕಾಯಿತು. ಕಾರಣವಿಲ್ಲದೆ ಮಾತು ಅಷ್ಟು ದೂರ ಹೋಗಲಿಲ್ಲ.

ನಿನ್ನ ನಿಜವಾದ ತೊಂದರೆ ಹೆಚ್ಚಿನ ರಕ್ತಸ್ರಾವ, ಅದರಿಂದ ಬಂದ ರಕ್ತಹೀನತೆ. ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆ ಎಂದೆಯಲ್ಲ, ಅದೂ ಬಹುಶಃ ಇದರಿಂದಲೇ. ಅದಕ್ಕೆ ಮದ್ದಿದೆ. ರಕ್ತ ಹೆಚ್ಚು ಹೋಗುವ ದಿನಗಳಲ್ಲಷ್ಟೇ ನುಂಗುವ ಟ್ರಾನೆಕ್ಸಾಮಿಕ್ ಆಸಿಡ್ ಮಾತ್ರೆ ಇದೆ, ಹಾರ್ಮೋನ್ ಮಾತ್ರೆ ಇದೆ. ಕಾಪರ್-ಟಿಯ ಹಾಗೆಯೇ ಒಳಗೆ ಕೂರಿಸುವ ಹಾರ್ಮೋನಿನ ಸಾಧನವೂ ಇದೆ, ಕೆಲವು ವರ್ಷ ನಡೆಯುತ್ತದೆ. ಮೊದಲ ಕೆಲವು ತಿಂಗಳು ಹನಿಹನಿಯಾಗಿ ರಕ್ತ ಕಾಣಿಸಬಹುದು, ಆಮೇಲೆ ಬಹಳ ಮಂದಿಗೆ ಸ್ರಾವ ತೀರ ಕಡಿಮೆಯಾಗುತ್ತದೆ. ಗಡ್ಡೆ ಒಳಜಾಗವನ್ನು ಒತ್ತುತ್ತಿದ್ದರೆ ಅದು ಕೂರದೇ ಜಾರಿ ಬೀಳಬಹುದು, ಆದ್ದರಿಂದ ಮೊದಲೇ ಕೇಳು. ಬರೀ ಗಡ್ಡೆಯನ್ನು ತೆಗೆದು ಗರ್ಭಕೋಶ ಉಳಿಸುವ ಆಪರೇಷನ್ನೂ ಉಂಟು. ಥೈರಾಯ್ಡ್ ಪರೀಕ್ಷೆಯನ್ನೂ ಮಾಡಿಸು. ಕಬ್ಬಿಣದ ಮಾತ್ರೆಯನ್ನು ಚಹಾದ ಜೊತೆ ನುಂಗುವ ಚಟ ನಿಮ್ಮ ಮನೆಯಲ್ಲಿದೆ, ಅದು ನೀರಿನಲ್ಲಿ ಹೋಮ. ಲಿಂಬೆರಸದ ಜೊತೆ ತೆಗೆದುಕೊ. ಒಗ್ಗದಿದ್ದರೆ ರಕ್ತನಾಳದ ಮೂಲಕ ಕೊಡುವ ಕಬ್ಬಿಣದ ಇಂಜೆಕ್ಷನ್ ಇದೆ.

ಇದನ್ನೆಲ್ಲ ಮಾಡಿ ನೋಡಿಯೂ ರಕ್ತ ನಿಲ್ಲದಿದ್ದರೆ, ಬಯಾಪ್ಸಿಯಲ್ಲಿ ಕೆಟ್ಟ ಸೂಚನೆ ಬಂದರೆ, ಆಪರೇಷನ್ ಮಾಡಿಸಿಕೊ. ಆಗ ಹಿಂಜರಿಯಬೇಡ. ಗೋಳಾಡುತ್ತ ವರ್ಷಗಟ್ಟಲೆ ಬದುಕುವುದೂ ಜಾಣತನವಲ್ಲ. ಆದರೆ ಹಿಮೋಗ್ಲೋಬಿನ್ ಏರಿಸಿಕೊಂಡ ಮೇಲೆಯೇ ಹೋಗಬೇಕು. ಅಂಡಾಶಯ ಉಳಿಸುತ್ತೀರಾ, ಹೊಟ್ಟೆ ಕೊಯ್ಯದೆ ಕೆಳಗಿನಿಂದಲೋ ಸಣ್ಣ ತೂತು ಮಾಡಿ ನಡೆಸುವ ಲ್ಯಾಪರೋಸ್ಕೋಪಿಯಿಂದಲೋ ಆಗುತ್ತದೆಯೇ ಎಂದು ಬಾಯಿಬಿಟ್ಟು ಕೇಳಬೇಕು. ತೆಗೆದದ್ದನ್ನು ಪ್ರಯೋಗಾಲಯಕ್ಕೆ ಕಳುಹಿಸಿದ ವರದಿ ನಿನ್ನ ಕೈಗೆ ಬರಬೇಕು. ಆಮೇಲೆ ಆರು ವಾರ ಕೊಡ ಎತ್ತುವಂತಿಲ್ಲ. ಸುಗ್ಗಿಗೆ ಮೊದಲು ಮುಗಿಸುವ ಲೆಕ್ಕ ಹಾಕಿದವರಿಗೆ ಇದು ಗೊತ್ತಿದೆಯೋ ಇಲ್ಲವೋ. ಹೊಲಿಗೆ ಬಿಚ್ಚಿದ ವಾರಕ್ಕೇ ಉಡಿ ಕಟ್ಟಿಕೊಂಡು ಮೆಣಸಿನಕಾಯಿ ಬಿಡಿಸಲು ಬಗ್ಗಿದವರನ್ನು ನಾನು ಕಂಡಿದ್ದೇನೆ.

ಇನ್ನೊಬ್ಬ ಡಾಕ್ಟರಿಗೆ ತೋರಿಸಿದರೆ ಮೊದಲಿನವರಿಗೆ ಬೇಸರವಾದೀತೆಂಬ ಸಂಕೋಚ ಬೇಡ. ಮುಂದಿನ ವಾರ ಬ್ಯಾಡಗಿಯಿಂದ ರೈಲು ಹಿಡಿದು ಹುಬ್ಬಳ್ಳಿಗೆ ಬಾ. ನಾನು ಚಿಗರಿ ಬಸ್ಸಿನಲ್ಲಿ ಬಂದು ಕಿಮ್ಸ್ ಆಸ್ಪತ್ರೆಯ ಹತ್ತಿರ ಇಳಿದಿರುತ್ತೇನೆ. ಹಳೆಯ ಚೀಟಿಗಳು, ಸ್ಕ್ಯಾನಿಂಗ್ ವರದಿ, ರೇಷನ್ ಕಾರ್ಡ್, ಆಧಾರ್ ಎಲ್ಲ ಕೈಚೀಲದಲ್ಲಿರಲಿ. ಕಳೆದ ಮೂರು ತಿಂಗಳು ಮುಟ್ಟು ಯಾವ ತಾರೀಖಿಗೆ ಬಂತು, ಎಷ್ಟು ದಿನ ಇತ್ತು, ದಿನಕ್ಕೆ ಎಷ್ಟು ಪ್ಯಾಡ್ ಬದಲಾಯಿಸಿದೆ ಎಂದು ಒಂದು ಹಾಳೆಯಲ್ಲಿ ಬರೆದುಕೊ, ಡಾಕ್ಟರು ಅದನ್ನೇ ಮೊದಲು ಕೇಳುತ್ತಾರೆ. ಅಳಿಯಂದಿರೂ ಬರಲಿ. ಬಂದವರು ಹೊರಗೆ ಚಹಾದ ಅಂಗಡಿಯಲ್ಲಿ ಕೂರದೆ ನಿನ್ನ ಜೊತೆ ಒಳಗೆ ಬಂದು ಕೇಳಿಸಿಕೊಳ್ಳಲಿ.

ಇಂತಿ,
ನಿನ್ನ ದೊಡ್ಡವ್ವ