ನೀರಿನಿಂದ ತಂಪಾಗುವ ಕಂಪ್ಯೂಟರ್: ಇನ್ನಷ್ಟು ವಿವರ ಬೇಕಿತ್ತು

ಮಾನ್ಯ ಸಂಪಾದಕರೇ,

ಮನೆಯಲ್ಲೇ ಪುಟ್ಟದಾದರೂ ಶಕ್ತಿಶಾಲಿಯಾದ ಕಂಪ್ಯೂಟರ್ ಜೋಡಿಸುವ ಕುರಿತು ನಿಮ್ಮ ಪತ್ರಿಕೆಯಲ್ಲಿ ಬಂದ ಲೇಖನ ಉಪಯುಕ್ತವಾಗಿತ್ತು. ಆದರೆ ನೀರಿನಿಂದ ತಂಪಾಗಿಸುವ ವ್ಯವಸ್ಥೆಯ ಬಗ್ಗೆ ಅದರಲ್ಲಿ ಹೇಳಿದ್ದು ಸಾಲದು. ನೀರು ಶಾಖವನ್ನು ಇಲ್ಲವಾಗಿಸುವುದಿಲ್ಲ, ಪ್ರೊಸೆಸರ್‌ನಿಂದ ಶಾಖವನ್ನು ಗಾಳಿಗೆ ಬಿಡುವ ರೇಡಿಯೇಟರ್‌ಗೆ ಸಾಗಿಸುತ್ತದೆ ಅಷ್ಟೆ. ಆದ್ದರಿಂದ 170 ಮಿ.ಮೀ. ಚೌಕದ ಮಿನಿ-ಐಟಿಎಕ್ಸ್ ಎಂಬ ಪುಟ್ಟ ಮದರ್‌ಬೋರ್ಡ್‌ಗೆ ತಕ್ಕ ಕ್ಯಾಬಿನೆಟ್ ಕೊಳ್ಳುವವರು ರೇಡಿಯೇಟರ್‌ನ ದಪ್ಪಕ್ಕೆ ಫ್ಯಾನ್‌ನ ಸಾಮಾನ್ಯ ದಪ್ಪವಾದ 25 ಮಿ.ಮೀ.ಯನ್ನೂ ಕೂಡಿಸಿ, ಗ್ರಾಫಿಕ್ಸ್ ಕಾರ್ಡ್‌ಗೆ ಎಷ್ಟು ಜಾಗ ಉಳಿಯುತ್ತದೆ ಎಂಬುದನ್ನು ಮೊದಲೇ ಅಳೆದುಕೊಳ್ಳಬೇಕು.

ಕೊಳವೆಗಳನ್ನು ತಾವೇ ಜೋಡಿಸುವವರು ಪ್ರೊಸೆಸರ್ ಮೇಲೆ ಕೂರುವ ತಾಮ್ರದ ಬ್ಲಾಕ್‌ನೊಂದಿಗೆ ಅಲ್ಯೂಮಿನಿಯಂ ರೇಡಿಯೇಟರ್ ಬಳಸಲೇಬಾರದು. ಒಂದೇ ದ್ರವದಲ್ಲಿ ಎರಡೂ ಲೋಹಗಳಿದ್ದರೆ ಅಲ್ಯೂಮಿನಿಯಂ ಸವೆಯತೊಡಗಿ, ಅದರ ಕಸ ಬ್ಲಾಕ್‌ನ ಕೂದಲೆಳೆಯಷ್ಟು ಸಣ್ಣ ಸೀಳುಗಳಲ್ಲಿ ಕಟ್ಟಿಕೊಳ್ಳುತ್ತದೆ. ಗಾಳಿಗುಳ್ಳೆಗಳು ಮೇಲಕ್ಕೇರುವುದರಿಂದ ಪಂಪು ಎಲ್ಲಕ್ಕಿಂತ ಎತ್ತರದಲ್ಲಿರಕೂಡದು. ನನ್ನ ದೃಷ್ಟಿಯಲ್ಲಿ ಅತಿ ಮುಖ್ಯವಾದದ್ದು ಸೋರಿಕೆಯ ಪರೀಕ್ಷೆ: ಉಳಿದೆಲ್ಲ ಭಾಗಗಳ ವಿದ್ಯುತ್ ಸಂಪರ್ಕ ತಪ್ಪಿಸಿ, ಪಂಪನ್ನು ಮಾತ್ರ ಗಂಟೆಗಟ್ಟಲೆ ಓಡಿಸಿ, ಪ್ರತಿಯೊಂದು ಜೋಡಣೆಯ ಕೆಳಗೂ ನೀರು ಹೀರುವ ಬಿಳಿ ಕಾಗದ ಹಾಸಿ ಪರೀಕ್ಷಿಸಬೇಕು, ಒಂದು ಹನಿಯ ಗುರುತು ಕಂಡರೂ ಮುಂದುವರಿಯಬಾರದು. ಈ ವಿವರಗಳನ್ನು ಚಿತ್ರಸಹಿತ ಪ್ರಕಟಿಸಬೇಕೆಂದು ಕೋರುತ್ತೇನೆ.

— ಓದುಗ