ಕಾನೂನು ಓದಲು ಹೊರಟ ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯ,

ಬಿ.ಎ. ಮುಗಿಸಿ ಕಾನೂನು ಓದುತ್ತೇನೆ ಎಂದು ನೀನು ಬರೆದದ್ದನ್ನು ನೋಡಿ ಬಹಳ ಸಂತೋಷವಾಯಿತು. ಅದಕ್ಕಾಗಿ ಇತಿಹಾಸ ಬಿಟ್ಟು ರಾಜ್ಯಶಾಸ್ತ್ರ ತೆಗೆದುಕೊಳ್ಳಲೇ ಎಂದು ಕೇಳಿದ್ದೀಯ. ಬೇಡ. ಮೂರು ವರ್ಷದ ಎಲ್‌ಎಲ್‌.ಬಿ.ಗೆ ಯಾವ ಪದವಿಯಾದರೂ ನಡೆಯುತ್ತದೆ. ಸಾಮಾನ್ಯ ವರ್ಗದವರಿಗೆ ಶೇ. 45, ಪರಿಶಿಷ್ಟರಿಗೆ ಶೇ. 40 ಅಂಕ ಬಂದಿದ್ದರೆ ಸಾಕು. ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲ್ ಕೂಡ 2022ರಿಂದ ಮೂರು ವರ್ಷದ ಕೋರ್ಸ್ ನಡೆಸುತ್ತಿದೆ. ಅಲ್ಲಿಗೆ ಪ್ರವೇಶ ಪರೀಕ್ಷೆ ಬರೆಯಬೇಕು.

ಈಗಲೇ ಗೈಡು ಕೊಂಡು ಸೆಕ್ಷನ್ ಬಾಯಿಪಾಠ ಮಾಡಲು ಕೂರಬೇಡ. ಕೊಲೆಗೆ ಭಾರತೀಯ ದಂಡ ಸಂಹಿತೆಯ ಸೆಕ್ಷನ್ 302 ಎಂದು ತಲೆಮಾರುಗಳು ಹೇಳಿಕೊಂಡು ಬಂದವು. 2024ರ ಜುಲೈ 1ರಿಂದ ಅದು ಹೊಸ ಭಾರತೀಯ ನ್ಯಾಯ ಸಂಹಿತೆಯ 103. ನೀನು ಈಗ ಕಲಿಯಬೇಕಾದದ್ದು ಕಾಗದ ಓದುವುದನ್ನು.

ನಿಮ್ಮ ಮನೆಯ ಪಹಣಿಯಿಂದಲೇ ಶುರು ಮಾಡು. ಪಕ್ಕದಲ್ಲಿ ತಾತನ ಕಾಲದ ಕ್ರಯಪತ್ರ ಇಟ್ಟುಕೋ. ಪಹಣಿಯ 9ನೇ ಕಾಲಂನಲ್ಲಿ ಯಾರ ಹೆಸರಿದೆ, 11ರಲ್ಲಿ ಸಾಲ ನಮೂದಾಗಿದೆಯೇ, ಖರಾಬು, ಅಂದರೆ ಸಾಗುವಳಿಗೆ ಬಾರದ ನೆಲ, ಕಳೆದು ಉಳಿದ ಗುಂಟೆ ಕ್ರಯಪತ್ರಕ್ಕೆ ತಾಳೆಯಾಗುತ್ತದೆಯೇ, ನೋಡು. ತಾಳೆಯಾಗದಿದ್ದರೆ ಏಕೆಂದು ಮನೆಯ ಹಿರಿಯರನ್ನು ಕೇಳು. ಭೂಕಂದಾಯ ಅಧಿನಿಯಮದ 133ನೇ ಪ್ರಕರಣದಂತೆ ಪಹಣಿಯ ನಮೂದನ್ನು, ತಪ್ಪೆಂದು ರುಜುವಾಗುವವರೆಗೆ, ನಿಜವೆಂದೇ ಭಾವಿಸಬೇಕು. ಆ ‘ರುಜು’ವಿನ ಸುತ್ತಲೇ ನಮ್ಮ ಕಡೆಯ ಎಷ್ಟೋ ದಾವೆಗಳು ನಡೆಯುತ್ತವೆ. ಮೊನ್ನೆ ಕೋಲಾರದ ನ್ಯಾಯಾಲಯದಲ್ಲಿ ಪಾಟಿ ಸವಾಲು, ಅಂದರೆ ಎದುರು ಪಕ್ಷದ ವಕೀಲರು ಸಾಕ್ಷಿಯನ್ನು ಪ್ರಶ್ನಿಸುವುದನ್ನು, ಕೇಳುತ್ತಿದ್ದೆ. ಜಮೀನಿನ ಪೂರ್ವಕ್ಕೆ ಏನಿದೆ ಎಂದರೆ ಕಟಕಟೆಯಲ್ಲಿದ್ದ ಅಜ್ಜಿ ಹುಣಸೆ ಮರ ಎಂದರು. ಕ್ರಯಪತ್ರದ ಚೆಕ್ಕುಬಂದಿಯಲ್ಲಿ, ಅಂದರೆ ನಾಲ್ಕು ದಿಕ್ಕಿನ ಎಲ್ಲೆಯ ವಿವರದಲ್ಲಿ, ಇದ್ದದ್ದು ಓಣಿ. ಮರ ಓಣಿಯ ಈಚೆಗೋ ಆಚೆಗೋ ಎಂಬುದರ ಮೇಲೆಯೇ ಆ ಮಧ್ಯಾಹ್ನದ ವಾದವೆಲ್ಲ ನಿಂತಿತು.

ಇಂಗ್ಲಿಷ್ ಭಯವೆಂದು ಬರೆದಿದ್ದೀಯ. ಕೆಳ ನ್ಯಾಯಾಲಯಗಳಲ್ಲಿ ಕನ್ನಡ ನಡೆಯುತ್ತದೆ, ಹೈಕೋರ್ಟಿನಲ್ಲಿ ಇಂಗ್ಲಿಷ್ ಬೇಕೇ ಬೇಕು. ಹಾಗಾಗಿ ನಮ್ಮ ನೆಲದ್ದೇ ಒಂದು ತೀರ್ಪನ್ನು ಹಿಡಿ: 1984ರ ಮಂಚೇಗೌಡ ಪ್ರಕರಣ. ದಲಿತರಿಗೆ ಮಂಜೂರಾದ ಜಮೀನು ಬೇರೆಯವರಿಗೆ ಪರಭಾರೆಯಾಗದಂತೆ ತಡೆಯುವ 1978ರ ಪಿಟಿಸಿಎಲ್ ಕಾಯ್ದೆಯನ್ನು ಸುಪ್ರೀಂ ಕೋರ್ಟ್ ಅದರಲ್ಲಿ ಎತ್ತಿಹಿಡಿಯಿತು. ಆಮೇಲೆ 2017ರ ನೆಕ್ಕಂಟಿ ರಾಮಲಕ್ಷ್ಮಿ ತೀರ್ಪು ಓದು. ಅದೇ ಕಾಯ್ದೆಯಡಿ ಜಮೀನು ವಾಪಸ್ ಕೇಳಿ ಬಹಳ ತಡವಾಗಿ ಹಾಕಿದ ಅರ್ಜಿ ನಿಲ್ಲುವುದಿಲ್ಲ ಎಂದಿತು ಅದು. ಜಮೀನು ಕಳೆದುಕೊಂಡವರು ಬೀದಿಗಿಳಿದು ಹೋರಾಡಿದ ಮೇಲೆ, 2023ರಲ್ಲಿ ವಿಧಾನಮಂಡಲ ಕಾಲಮಿತಿ ಅನ್ವಯಿಸದಂತೆ ತಿದ್ದುಪಡಿ ತಂದಿತು. ಇವಿಷ್ಟನ್ನೂ ಓದಿ, ನಡೆದದ್ದೇನು, ಪ್ರಶ್ನೆಯೇನು, ಉತ್ತರವೇನು, ಕಾರಣವೇನು ಎಂದು ಒಂದೇ ಪುಟದಲ್ಲಿ ನಿನ್ನ ಕನ್ನಡದಲ್ಲಿ ಬರೆ. ಅದನ್ನು ನನಗೆ ಕಳುಹಿಸು, ಖಂಡಿತ ತಿದ್ದಿ ಕೊಡುತ್ತೇನೆ.

ಖರ್ಚಿನ ಬಗ್ಗೆ ಅಪ್ಪನಿಗೆ ಇದೊಂದನ್ನು ಹೇಳು: ವಕೀಲನಾಗಿ ನೋಂದಾಯಿಸಿಕೊಳ್ಳಲು ಸಾಮಾನ್ಯ ವರ್ಗದವರಿಂದ 750, ಪರಿಶಿಷ್ಟರಿಂದ 125 ರೂಪಾಯಿಗಿಂತ ಹೆಚ್ಚು ಶುಲ್ಕ ಕೇಳುವಂತಿಲ್ಲ ಎಂದು 2024ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಕೋಲಾರಕ್ಕೆ ಬರುವ ಮೊದಲು ತಿಳಿಸು. ಸಾಕ್ಷಿ ವಿಚಾರಣೆ ಇರುವ ದಿನ ನೋಡಿಕೊಂಡು ಜೊತೆಗೆ ಕರೆದೊಯ್ಯುತ್ತೇನೆ. ಆ ಕ್ರಯಪತ್ರದ ನಕಲನ್ನೂ ತಾ.

ನಿನ್ನವನೇ,
ಗೆಳೆಯ